ಈಚೆ ದಡದ ಪದಕ

ಟ್ರೆವ್ಯಾನಿಕ್, ಕಾರ್ನ್‌ವಾಲ್
೨೮ ನವೆಂಬರ್ ೧೮೭೩

ಜಾಸ್ಪರ್,

ನಿನ್ನ ಹಡಗು ಆಫ್ರಿಕಾಕ್ಕೆ ಹೊರಟ ಸುದ್ದಿ ಪತ್ರಿಕೆಯಲ್ಲಿ ಬಂದಿದೆ. ಅದನ್ನು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡು ಊರೆಲ್ಲ ತಿರುಗುತ್ತಿದ್ದೇನೆ. ಪಾದ್ರಿಗೆ ತೋರಿಸಿದೆ, ಮೀನು ಮಾರುವವಳಿಗೆ ತೋರಿಸಿದೆ. ಕೊನೆಗೆ ಮೇಜರ್ ಕಾರ್ಲಿಯನ್ನನ ಮನೆ ಮುಂದೆ ಕೆಲಸವಿಲ್ಲದಿದ್ದರೂ ಎರಡು ಸಲ ಹಾದುಹೋದೆ. ಅವನ ಮಗ ರೂಪರ್ಟನೂ ಕುಮಾಸಿಯಲ್ಲಿ ಆಳುವ ಅಸಾಂಟೆ ರಾಜನ ಮೇಲಿನ ಈ ಯುದ್ಧಕ್ಕೇ ಹೊರಟಿದ್ದಾನೆ. ಕಾರ್ಲಿಯನ್ ಮೀಸೆ ತಿರುವಿಕೊಂಡು, "ನಮ್ಮ ರೂಪರ್ಟ್ ಕುಮಾಸಿಗೆ ಮೊದಲು ಕಾಲಿಡ್ತಾನೆ ನೋಡು ಆಂಬ್ರೋಸ್" ಅಂದ. "ಇಡಲಿ ಬಿಡಪ್ಪ, ಬಾಗಿಲು ತೆಗೆಯೋಕೆ ನಮ್ಮ ಜಾಸ್ಪರ್ ಒಳಗೇ ಇರ್ತಾನೆ" ಅಂದೆ. ದಡಾರನೆ ಬಾಗಿಲು ಹಾಕಿಕೊಂಡು ಒಳಗೆ ಹೋದ.

ಕ್ರಿಮಿಯಾದ ಇಂಕರ್ಮನ್ ಕಾಳಗದ ನೆನಪಿಗೆ ಊರಿನ ಸೈನಿಕರೆಲ್ಲ ಸೇರುವ ಊಟ ಈ ಸಲವೂ ಎಂದಿನಂತೆ ನವೆಂಬರ್ ಐದಕ್ಕೆ 'ಬಿಳಿ ಕುದುರೆ' ಹೋಟೆಲಿನಲ್ಲಿ ನಡೆಯಿತು. ನೀನು ಚಿಕ್ಕವನಿದ್ದಾಗ ಕಿಟಕಿಯಿಂದ ಇಣುಕಿ ನೋಡುತ್ತಿದ್ದೆಯಲ್ಲ, ಕ್ರಮ ಈಗಲೂ ಅದೇ. ಪದಕ ತೊಟ್ಟವನು ಎದ್ದು ನಿಂತು, ರಿಬ್ಬನ್ನಿನ ಮೇಲಿನ ಬೆಳ್ಳಿ ಪಟ್ಟಿಗಳಲ್ಲಿ ಕೆತ್ತಿರುವ ಯುದ್ಧಗಳ ಹೆಸರು ಹೇಳಬೇಕು. ಆ ಯುದ್ಧದಲ್ಲಿದ್ದ ಇನ್ನೊಬ್ಬ ಎದ್ದು "ಹೌದು, ಇದ್ದ" ಎಂದು ಸಾಕ್ಷಿ ಹೇಳಬೇಕು. ಆಮೇಲೆ ಎಲ್ಲರೂ ಒಂದು ಗುಟುಕು. "ಆಲ್ಮಾ, ಇಂಕರ್ಮನ್, ಸೆವಾಸ್ಟೊಪೋಲ್" ಎಂದು ನಾನು ಹೇಳಿದಾಗ ಸಾಕ್ಷಿಗೆ ಕಾರ್ಲಿಯನ್ನನೇ ಏಳಬೇಕು. ಆಗ ಅವನ ಮುಖ ಕಷಾಯ ಕುಡಿದವನ ಹಾಗಾಗುತ್ತದೆ. ಮುಂದಿನ ವರ್ಷ ನೀನು ಊರಿನಲ್ಲಿ ಇಲ್ಲದಿದ್ದರೂ ನಿನ್ನ ಪದಕವನ್ನು ತಟ್ಟೆಯ ಪಕ್ಕದಲ್ಲಿಟ್ಟು ನಿನ್ನ ಪರವಾಗಿ ನಾನು ಹೇಳಬಹುದು. ಅಪ್ಪಂದಿರಿಗೆ ಆ ಹಕ್ಕಿದೆ. ಹೇಳುವ ಮಾತನ್ನು ಈಗಲೇ ಅಭ್ಯಾಸ ಮಾಡುತ್ತಿದ್ದೇನೆ.

ಅಡುಗೆಯ ಪ್ಯಾಸ್ಕೊ ಕೇಸರಿ ಕೇಕು ಕಟ್ಟಿಕೊಟ್ಟಿದ್ದಾಳೆ. ನಿನ್ನ ಕೈಸೇರುವ ಹೊತ್ತಿಗೆ ಇಟ್ಟಿಗೆಯಾಗಿರುತ್ತದೆ. ಗುಂಡು ಮುಗಿದರೆ ಎಸೆಯಲಿಕ್ಕಾದೀತು.

ನಿನ್ನ ಅಪ್ಪ,
ಕರ್ನಲ್ ಆಂಬ್ರೋಸ್ ಪೆನ್‌ರೋಸ್


ಕೇಪ್ ಕೋಸ್ಟ್
೨೯ ಡಿಸೆಂಬರ್ ೧೮೭೩

ಅಪ್ಪಾ,

ಕೇಕನ್ನು ಎಸೆಯಲಿಲ್ಲ, ತಿಂದೆವು. ಈಗ ಇಬ್ಬರಿಗೆ ಹಲ್ಲುನೋವು. ಪ್ಯಾಸ್ಕೊಗೆ ಮಾತ್ರ ಬೆಣ್ಣೆಯ ಹಾಗಿತ್ತು ಎಂದು ಹೇಳಿ.

ನನ್ನ ತುಕಡಿ ಇನ್ನೂ ಹಡಗಿನಿಂದ ಇಳಿದಿಲ್ಲ. ಅಲ್ಲಿಯವರೆಗೆ ನನಗೆ ರಸ್ತೆಯ ಕೆಲಸ ಕೊಟ್ಟಿದ್ದಾರೆ. ಕಡಲಿನಿಂದ ಪ್ರಾ ನದಿಯ ತನಕ ಕಾಡು ಕಡಿದು ಮಾಡಿದ ರಸ್ತೆ. ನದಿಯ ಆಚೆ ಅಸಾಂಟೆ ನಾಡು. ಇಲ್ಲಿ ಕುದುರೆಯೂ ಬದುಕುವುದಿಲ್ಲ, ಹೇಸರಗತ್ತೆಯೂ ಬದುಕುವುದಿಲ್ಲ. ಗುಂಡು, ಅಕ್ಕಿ, ಬಿಸ್ಕತ್ತಿನ ಪೆಟ್ಟಿಗೆ ಎಲ್ಲವೂ ಈ ಕರಾವಳಿಯ ಫಾಂಟೆ ಜನರ ತಲೆಯ ಮೇಲೆ ಹೋಗಬೇಕು, ಗಂಡಸರು ಹೆಂಗಸರು ಎನ್ನದೆ. ನನ್ನ ಪಾಲಿಗೆ ಬಂದ ಗುಂಪಿಗೆ ಅರಾಬಾ ಎಂಬ ಹೆಂಗಸು ಯಜಮಾನಿ. ಬಂದರಿನಲ್ಲಿ ಬಟ್ಟೆ ವ್ಯಾಪಾರ ಮಾಡಿ ನಮ್ಮ ಭಾಷೆ ಕಲಿತವಳು. ಬಾಯಿ ಬಹಳ ಜೋರು.

"ನಿಮ್ಮ ರಾಣಿಗೆ ಇಷ್ಟೊಂದು ಜನ ಗಂಡಾಳುಗಳಿದ್ದಾರಲ್ಲ, ಒಬ್ಬನಿಗೂ ಕತ್ತು ಗಟ್ಟಿ ಇಲ್ವಾ?" ಎಂದು ಮೊದಲ ದಿನವೇ ಕೇಳಿದಳು. ಹಟಕ್ಕೆ ಬಿದ್ದು ಒಂದು ಪೆಟ್ಟಿಗೆಯನ್ನು ತಲೆಗೇರಿಸಿಕೊಂಡೆ. "ನೋಡ್ರೇ, ದೊರೆ ಕುಣೀತಿದ್ದಾನೆ!" ಎಂದು ಕೂಗಿದಳು. ಇಡೀ ಗುಂಪು ಹೊಟ್ಟೆ ಹಿಡಿದುಕೊಂಡು ರಸ್ತೆಯಲ್ಲೇ ಕೂತುಬಿಟ್ಟಿತು.

ಇದು ತಾತ್ಕಾಲಿಕ. ತುಕಡಿ ಇಳಿದ ಕೂಡಲೇ ಮುಂದಕ್ಕೆ ಹೊರಡುತ್ತೇನೆ.

ಜಾಸ್ಪರ್


ಮಾನ್ಸು
೨೪ ಜನವರಿ ೧೮೭೪

ಅಪ್ಪಾ,

ಸೇನೆ ನದಿ ದಾಟುತ್ತಿದೆ. ನಾನು ಚೆನ್ನಾಗಿದ್ದೇನೆ, ಬರೆಯಲು ಹೊತ್ತಿಲ್ಲ. ರೂಪರ್ಟ್ ಈ ದಾರಿಯಲ್ಲೇ ಮುಂದೆ ಹೋದ. ಬೂಟು ಕಚ್ಚುತ್ತಿದೆ ಎಂಬುದನ್ನು ಬಿಟ್ಟರೆ ಅವನಿಗೆ ಬೇರೆ ಚಿಂತೆಯಿರಲಿಲ್ಲ.

ಒಂದು ಮಾತು ಕೇಳುತ್ತೇನೆ. ಗೆಲುವು ಒಂದು ದಿಕ್ಕಿನಲ್ಲಿ, ಕೊಟ್ಟ ಮಾತು ಇನ್ನೊಂದು ದಿಕ್ಕಿನಲ್ಲಿ ಇದ್ದರೆ ನೀವು ಯಾವ ಕಡೆ ನಡೆಯುತ್ತಿದ್ದಿರಿ? ನಿಮ್ಮ ಉತ್ತರ ಬರುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಆದರೂ ಕೇಳಬೇಕೆನ್ನಿಸಿತು.

ಜಾಸ್ಪರ್


ಟ್ರೆವ್ಯಾನಿಕ್
೪ ಮಾರ್ಚ್ ೧೮೭೪

ಜಾಸ್ಪರ್, ನನ್ನ ಹುಲಿಯೇ,

ಕುಮಾಸಿ ಬಿತ್ತು! ತಂತಿ ಬಂದ ಕೂಡಲೇ ಪಾದ್ರಿ ಗಂಟೆ ಹೊಡೆಸಿದ. ಗುಡ್ಡದ ಮೇಲೆ ದೊಡ್ಡ ಬೆಂಕಿ ಹಾಕಿದೆವು. ಹುಡುಗರು ನನ್ನನ್ನು ಕುರ್ಚಿ ಸಮೇತ ಎತ್ತಿ ಕುಣಿಸಿದರು, ಸೊಂಟ ಇನ್ನೂ ನೋಯುತ್ತಿದೆ. ನೀನು ತುಕಡಿಯ ಮುಂದೆ ನಿಂತು ರಾಜನ ಅರಮನೆಗೆ ನುಗ್ಗಿದ್ದನ್ನು ಎಲ್ಲರಿಗೂ ಹೇಳಿದೆ. ನೀನು ಬರೆದಿಲ್ಲ, ನಿಜ. ನಿನ್ನ ಬಾಯಿಂದ ಬಡಾಯಿ ಬರುವುದಿಲ್ಲವೆಂದು ನನಗೆ ಗೊತ್ತಿಲ್ಲವೇ? ಅದಕ್ಕೇ ದೇವರು ನಿನಗೊಬ್ಬ ಅಪ್ಪನನ್ನು ಕೊಟ್ಟಿದ್ದಾನೆ.

ನಿನ್ನ ಚೀಟಿ ನಿನ್ನೆ ಸಿಕ್ಕಿತು. ಇದೂ ಒಂದು ಪ್ರಶ್ನೆಯೇನೋ? ಕೊಟ್ಟ ಮಾತಿನ ಕಡೆಗೇ ನಡೆಯಬೇಕು. ಗೆಲುವಿನ ಹಿಂದೆ ನಾಯಿಯೂ ಓಡುತ್ತದೆ. ನೀನು ರಾಣಿಗೆ ಕೊಟ್ಟ ಮಾತಿನ ವಿಷಯ ತಾನೇ ಕೇಳಿದ್ದು? ಗೆಲುವೂ ಅಲ್ಲೇ ಇತ್ತು, ಮಾತೂ ಅಲ್ಲೇ ಇತ್ತು. ಕಾಡಿನಲ್ಲಿ ಕೂತು ಏನೇನೋ ಯೋಚಿಸಬೇಡ.

ಅರಮನೆ ಹೇಗಿತ್ತು, ಬರೆ. ಕಾರ್ಲಿಯನ್ನನಿಗೆ ಓದಿ ಹೇಳಬೇಕು.

ಅಪ್ಪ


ಕೇಪ್ ಕೋಸ್ಟ್
೧೫ ಏಪ್ರಿಲ್ ೧೮೭೪

ಅಪ್ಪಾ,

ಅರಮನೆಯನ್ನು ನಾನು ನೋಡಲಿಲ್ಲ. ಸೇನೆ ಅಲ್ಲಿ ಹೆಚ್ಚು ಹೊತ್ತು ನಿಲ್ಲಲೂ ಇಲ್ಲ. ಊರಿಗೆ ಬೆಂಕಿ ಹಚ್ಚಿ, ಮಳೆಯಲ್ಲಿ ನೆನೆಯುತ್ತ ಹಿಂದಿರುಗಿತು. ಹಿಂದಿರುಗಿದವರಲ್ಲಿ ಅರ್ಧ ಜನ ಜ್ವರದಿಂದ ನಡುಗುತ್ತಿದ್ದರು. ಅವರನ್ನು ಹಡಗು ಹತ್ತಿಸುವುದರಲ್ಲಿ ನನ್ನ ದಿನಗಳು ಕಳೆದವು.

ಇನ್ನೊಂದು ವರ್ಷ ಇಲ್ಲೇ ಇರಲು ಒಪ್ಪಿಕೊಂಡಿದ್ದೇನೆ. ರಸ್ತೆಯನ್ನು ಕಾಯುವವರು ಬೇಕಂತೆ. ಉಳಿದದ್ದನ್ನು ಎದುರಿಗೇ ಹೇಳುತ್ತೇನೆ. ದಯವಿಟ್ಟು ಊರಿನಲ್ಲಿ ನನ್ನ ವಿಷಯ ಹೆಚ್ಚು ಹೇಳಬೇಡಿ.

ಜಾಸ್ಪರ್


ಟ್ರೆವ್ಯಾನಿಕ್
೧೦ ಸೆಪ್ಟೆಂಬರ್ ೧೮೭೪

ಜಾಸ್ಪರ್,

ನಿನ್ನ ಪದಕ ಮನೆಗೆ ಬಂತು. ಹಳದಿ ರಿಬ್ಬನ್ನಿಗೆ ಕಪ್ಪು ಅಂಚು, ಒಂದು ಕಡೆ ರಾಣಿಯ ಮುಖ, ಇನ್ನೊಂದು ಕಡೆ ಕಾಡಿನ ಕಾಳಗ, ಸುತ್ತಂಚಿನಲ್ಲಿ ನಿನ್ನ ಹೆಸರು. ಪ್ಯಾಸ್ಕೊ ಅತ್ತಳು. ನನಗೆ ಅಳಲು ಪುರಸೊತ್ತಿರಲಿಲ್ಲ, ಬೆಳ್ಳಿ ಪಟ್ಟಿ ಹುಡುಕುತ್ತಿದ್ದೆ. ಪೆಟ್ಟಿಗೆಯನ್ನು ತಲೆಕೆಳಗು ಮಾಡಿ ಕೊಡವಿದೆ, ಸುತ್ತಿದ್ದ ಕಾಗದ ಬಿಡಿಸಿದೆ, ಮೇಜಿನ ಕೆಳಗೆ ತೆವಳಿದೆ. ಪಟ್ಟಿ ಇಲ್ಲ.

ಕಾರ್ಲಿಯನ್ನನ ಮನೆಗೆ ರೂಪರ್ಟನ ಪದಕವೂ ಬಂದಿದೆ, 'ಕುಮಾಸಿ' ಎಂದು ಕೆತ್ತಿದ ಪಟ್ಟಿಯ ಸಮೇತ. ಹಾದುಹೋಗುವವರಿಗೆಲ್ಲ ಕಾಣಲಿ ಎಂದು ಕಿಟಕಿಯಲ್ಲಿ ತೂಗುಹಾಕಿದ್ದಾನೆ.

ಯಾರೋ ಮರೆತಿದ್ದಾರೆಂದು ಲಂಡನ್ನಿನ ಹಳೆಯ ಗೆಳೆಯನಿಗೆ ಬರೆದೆ. ಯುದ್ಧದ ದಿನಗಳಲ್ಲಿ ಪ್ರಾ ನದಿಯ ಆಚೆ ದಡದಲ್ಲಿ ಸೇವೆಯಲ್ಲಿದ್ದವರಿಗೆಲ್ಲ ಪಟ್ಟಿಯಂತೆ, ದಾರಿ ಕಾಯುತ್ತಿದ್ದವರಿಗೂ. ಈಚೆ ದಡದಲ್ಲಿ ಇದ್ದವರಿಗೆ ಬರೀ ಪದಕ. ತುಕಡಿ ನದಿ ದಾಟುವಾಗ ನೀನೇ ಕೇಳಿಕೊಂಡು ಹಿಂದೆ ಉಳಿದೆ ಎಂದೂ ಬರೆದಿದ್ದಾನೆ. ನಾನು ನಂಬಲಿಲ್ಲ. ಅವನಿಗೆ ವಯಸ್ಸಾಗಿದೆ, ಯಾರದೋ ಕಥೆ ಯಾರಿಗೋ ಅಂಟಿಸಿದ್ದಾನೆ.

ಹೇಗೂ ಇರಲಿ. ಟ್ರೂರೋದ ಅಕ್ಕಸಾಲಿಯಿಂದ ಒಂದು ಪಟ್ಟಿ ಮಾಡಿಸಿದ್ದೇನೆ. ಅಸಲಿಗೂ ಇದಕ್ಕೂ ವ್ಯತ್ಯಾಸ ರಾಣಿಗೇ ತಿಳಿಯದು. ಊಟದ ದಿನ ಅದನ್ನು ರಿಬ್ಬನ್ನಿಗೆ ಪೋಣಿಸುತ್ತೇನೆ, 'ಕುಮಾಸಿ' ಎನ್ನುತ್ತೇನೆ. ಜ್ವರದಿಂದ ಆಸ್ಪತ್ರೆಯಲ್ಲಿರುವ ರೂಪರ್ಟ್ ಅಷ್ಟರಲ್ಲಿ ಊರಿಗೆ ಬಂದಿರುತ್ತಾನೆ. ನಿನ್ನ ಬಾಲ್ಯದ ಗೆಳೆಯ, "ಹೌದು, ಇದ್ದ" ಎನ್ನದೆ ಇರುವುದಿಲ್ಲ. ಅಲ್ಲಿಗೆ ಮುಗಿಯಿತು. ನಿನ್ನ ಒಪ್ಪಿಗೆಯೊಂದು ಬೇಕು.

ನಿನ್ನ ಪದಕ ಹಿಕ್ಸನ ಪದಕದ ಜೊತೆಗೆ ಸೇರುವುದನ್ನು ನಾನು ನೋಡಲಾರೆ. ಅವನನ್ನು ನೀನು ಕಂಡಿದ್ದೀಯ. ಕ್ರಿಮಿಯಾ ಯುದ್ಧದಲ್ಲಿ ಒಂದು ಗುಂಡಿನ ಸದ್ದೂ ಕೇಳದೆ ಕಡಲಾಚೆಯ ಸ್ಕುಟಾರಿಯ ಆಸ್ಪತ್ರೆಯಲ್ಲಿ ಆಳಾಗಿದ್ದವನು. ಬರೀ ಪದಕದ ಹಿಕ್ಸ್ ಎಂದೇ ಅವನ ಹೆಸರು. ವರ್ಷ ವರ್ಷವೂ ಅಡುಗೆಮನೆ ಬಾಗಿಲ ಬಳಿ ಕೂತು, ಯಾವ ಸರದಿಯಲ್ಲೂ ಏಳದೆ, ಉಂಡು ಹೋಗುತ್ತಾನೆ. ನನ್ನ ಮಗ ಹಾಗಲ್ಲ.

ಬೇಗ ಬರೆ.

ಕರ್ನಲ್ ಆಂಬ್ರೋಸ್ ಪೆನ್‌ರೋಸ್


ಕೇಪ್ ಕೋಸ್ಟ್
೪ ಅಕ್ಟೋಬರ್ ೧೮೭೪

ಅಪ್ಪಾ,

ಆ ಪಟ್ಟಿಯನ್ನು ಪೋಣಿಸಬೇಡಿ.

ನಿಮ್ಮ ಗೆಳೆಯರು ಬರೆದದ್ದು ನಿಜ. ನಾನೇ ಕೇಳಿಕೊಂಡು ಈಚೆ ದಡದಲ್ಲಿ ಉಳಿದೆ. ಇಷ್ಟು ದಿನ ಹೇಳದಿದ್ದುದು ನನಗೆ ನಾಚಿಕೆಯಾಗಿ ಅಲ್ಲ, ನಿಮಗೆ ನಾಚಿಕೆಯಾದೀತೆಂದು ಹೆದರಿ.

ಹೊರೆ ಹೊರುವವರ ಜೊತೆ ಆಗಿದ್ದ ಒಪ್ಪಂದ ನದಿಯ ತನಕ ಮಾತ್ರ. ಆಚೆ ಸಿಕ್ಕಿಬಿದ್ದರೆ ಅಸಾಂಟೆಯವರು ಫಾಂಟೆಗಳನ್ನು ಜೀವಸಹಿತ ಬಿಡುವುದಿಲ್ಲ. ಆದರೆ ಮುಂದಿನ ಠಾಣ್ಯದ ನಮ್ಮ ಅಧಿಕಾರಿಗಳು ಕೆಲವು ಗುಂಪುಗಳನ್ನು ಬಂದೂಕು ತೋರಿಸಿ ದಾಟಿಸಿಬಿಟ್ಟರು. ಮರುದಿನ ನೋಡಿದರೆ ಇಡೀ ರಸ್ತೆ ಖಾಲಿ. ಪೆಟ್ಟಿಗೆಗಳು ಇದ್ದಲ್ಲೇ ಇವೆ, ಜನ ಇಲ್ಲ. ಮುಂದೆ ಹೋದ ಸೈನ್ಯಕ್ಕೆ ಅನ್ನವಿಲ್ಲ. ಕೆಲವರು ಊರುಗಳಿಗೆ ಬೆಂಕಿ ಹಚ್ಚಿ ಜನರನ್ನು ಹಿಡಿದು ತರಲು ಹೊರಟರು. ನಾನು ಬಂದೂಕು ಬಿಟ್ಟು ಅರಾಬಾಳ ಊರಿಗೆ ಹೋದೆ. ಅವಳು ಅಂಗಳದಲ್ಲಿ ಮೆಕ್ಕೆಜೋಳದ ಹಿಟ್ಟು ನಾದುತ್ತಿದ್ದಳು.

"ಏನು ದೊರೆ, ಒಬ್ಬನೇ ಬಂದೆ? ಬೆಂಕಿಪೊಟ್ಟಣ ಮರೆತು ಬಂದ್ಯಾ?" ಅಂದಳು.

"ಕೆಲಸಕ್ಕೆ ಕರೆಯೋಕೆ ಬಂದೆ."

"ನನ್ನ ತಮ್ಮನ್ನೂ ನದಿ ತನಕ ಅಂತಲೇ ಕರೆದ್ರಿ. ಈಗ ಎಲ್ಲಿದ್ದಾನೆ? ಆಚೆ."

"ನಿನ್ನ ಗುಂಪನ್ನ ಯಾರೂ ದಾಟಿಸೋಲ್ಲ."

"ತಡೆಯೋರು ಯಾರು?"

"ನಾನು."

ಹಿಟ್ಟಿನ ಕೈಯನ್ನೇ ಬಾಯಿಗೆ ಅಡ್ಡ ಹಿಡಿದು ನಕ್ಕಳು. "ನೀನಾ? ಡೋಲು ಬಾರಿಸಿದ ಕೂಡ್ಲೇ ಎಲ್ಲರಿಗಿಂತ ಮುಂಚೆ ನೀನೇ ಓಡ್ತೀಯ. ಆಚೆ ಹೋದವರಿಗೆ ಏನೋ ಬೆಳ್ಳಿ ಕೊಡ್ತಾರಂತಲ್ಲ, ನಿಮ್ಮ ಹುಡುಗರು ಅದನ್ನೇ ಮಾತಾಡ್ತಾರೆ." ಆಮೇಲೆ ನಗು ನಿಲ್ಲಿಸಿದಳು. "ಒಂದು ಕೆಲಸ ಮಾಡು. ನೀನೂ ದಾಟಬೇಡ. ನೀನು ಈಚೆ ಇರೋ ತನಕ ನಾವು ಹೊರ್ತೀವಿ. ನಿನ್ನ ಕಾಲು ಆಚೆ ದಡ ಮುಟ್ಟಿದ ದಿನ ಹೊರೆ ಇದ್ದಲ್ಲೇ ಇಳೀತದೆ."

ಮಾತು ಕೊಟ್ಟೆ. ಮರುದಿನ ಬೆಳಗ್ಗೆ ಅವಳ ಊರಿನವರಷ್ಟೇ ಅಲ್ಲ, ಅಕ್ಕಪಕ್ಕದ ಊರಿನವರೂ ಬಂದು ಪೆಟ್ಟಿಗೆಗಳ ಮುಂದೆ ನಿಂತಿದ್ದರು.

ಅದಾದ ಮೇಲೆ ನನ್ನ ತುಕಡಿ ಡೋಲು ಬಾರಿಸುತ್ತ ಮಾನ್ಸುವಿಗೆ ಬಂತು. "ಪೆನ್‌ರೋಸ್, ಸಾಮಾನು ಕಟ್ಟು, ನಿನ್ನ ಜನ ಬಂದ್ರು" ಎಂದು ನಮ್ಮ ಕರ್ನಲ್ ಹೇಳಿದರು. ನಾನು ನಡೆದದ್ದನ್ನು ಹೇಳಿದೆ.

"ಒಬ್ಬ ಹೊರೆ ಹೊರೋ ಹೆಂಗಸಿಗೆ ಕೊಟ್ಟ ಮಾತಾ?"

"ಹೌದು ಸರ್."

"ನಿಮ್ಮಪ್ಪ ಇಂಕರ್ಮನ್‌ನಲ್ಲಿದ್ದವರಲ್ಲವೇನಯ್ಯ?"

"ಅದಕ್ಕೇ ಸರ್."

ಅವರು ಟೋಪಿ ಹಾಕಿಕೊಂಡು ಅಂದರು, "ಸರಿ, ಇರು. ನಾಳೆ ಪಟ್ಟಿ ಕೊಡಿ ಅಂತ ಮಾತ್ರ ನನ್ನ ಹತ್ರ ಬರಬೇಡ."

ನನ್ನ ಹುಡುಗರು ನನ್ನ ಮುಂದೆಯೇ ಸಾಲಾಗಿ ಹೋದರು. ಬಹಳ ಜನ ನನ್ನ ಕಡೆ ನೋಡಲಿಲ್ಲ. ಯಾರೋ ಒಬ್ಬ ಕೋಳಿಯ ಹಾಗೆ ಕೂಗಿದ. ಆಗ ಅನ್ನಿಸಿದ್ದನ್ನು ಬರೆಯಲಾರೆ, ಅಪ್ಪಾ. ಅರಾಬಾ ಹಿಂದೆ ಬಂದು ನಿಂತು, "ಅಳ್ತೀಯಾ ದೊರೆ?" ಅಂದಳು. ಇಲ್ಲ ಅಂದೆ. "ಅಳೋದಾದ್ರೆ ಅತ್ತುಬಿಡು. ಆಮೇಲೆ ಈ ಪೆಟ್ಟಿಗೆ ಎತ್ತಿಕೊಡು" ಅಂದಳು. ಎತ್ತಿಕೊಟ್ಟೆ.

ಯುದ್ಧ ಮುಗಿಯುವ ತನಕ ದಿನಾ ಅಕ್ಕಿ ನದಿಗೆ ಹೋಯಿತು. ಒಂದು ದಿನ ಸೇತುವೆಯ ಬಳಿ ಅವಳ ಜನರನ್ನು ಆಚೆಗೆ ಅಟ್ಟಲು ಒಬ್ಬ ಅಧಿಕಾರಿ ನೋಡಿದ. ನಾನು ಸೇತುವೆಗೆ ಅಡ್ಡ ನಿಂತೆ. ಅವನಿಗೆ ನನ್ನನ್ನು ಬೈಯುವುದರ ಹೊರತು ಬೇರೇನೂ ಮಾಡಲಾಗಲಿಲ್ಲ. ಯುದ್ಧ ಮುಗಿದ ಮೇಲೆ ಗಾಯದವರನ್ನೂ ಜ್ವರದವರನ್ನೂ ನದಿಯಿಂದ ಕಡಲಿಗೆ ಹೊತ್ತವರೂ ಇದೇ ಜನ. ನನ್ನ ಗುಂಪಿನವರು ಒಬ್ಬರೂ ನದಿ ದಾಟಲಿಲ್ಲ. ಅರಾಬಾಳ ತಮ್ಮ ಮಾತ್ರ ಹಿಂದಿರುಗಲಿಲ್ಲ. ಅವಳು ಈಗಲೂ ಸಂತೆಗೆ ಬಂದಾಗ ಆ ಕಡೆಯಿಂದ ಬಂದವರನ್ನೆಲ್ಲ ನಿಲ್ಲಿಸಿ ಕೇಳುತ್ತಾಳೆ.

ಈ ಯುದ್ಧದಲ್ಲಿ ನಡೆದ ಎಲ್ಲದಕ್ಕೂ ನಾನು ಎದೆಯುಬ್ಬಿಸಲಾರೆ. ಒಂದು ಊರನ್ನೇ ಸುಟ್ಟು ಬಂದಿದ್ದೇವೆ. ಪದಕದ ಹಿಂಬದಿಯಲ್ಲಿ ಹೊರೆ ಹೊತ್ತವರು ಒಬ್ಬರೂ ಇಲ್ಲ ಎಂಬುದನ್ನು ನೀವೂ ನೋಡಿರಬಹುದು. ಆದರೆ ಕೊಟ್ಟ ಮಾತಿನಂತೆ ನಿಂತೆ ಎಂಬ ಹೆಮ್ಮೆ ನನಗಿದೆ. ಅದನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ, ನಿಮಗೂ. ಸುಳ್ಳು ಪಟ್ಟಿ ಪೋಣಿಸಿದರೆ ಅದು ನನ್ನ ಪದಕವಲ್ಲ, ಅದಿರುವ ಮನೆಗೆ ನಾನು ಬರುವುದೂ ಇಲ್ಲ. ಹಿಕ್ಸನ ಪದಕದ ಪಕ್ಕದಲ್ಲಿ ಇಡಿ, ಇಲ್ಲವೇ ಪೆಟ್ಟಿಗೆಯಲ್ಲೇ ಬಿಡಿ.

ಜಾಸ್ಪರ್


ಟ್ರೆವ್ಯಾನಿಕ್
೬ ನವೆಂಬರ್ ೧೮೭೪

ಜಾಸ್ಪರ್, ಮಗನೇ,

ನಿನ್ನ ಪತ್ರ ಊಟದ ಹಿಂದಿನ ದಿನ ಕೈಸೇರಿತು. ಓದಿ ಮೇಜಿಗೆ ಗುದ್ದಿದೆ. ಪ್ಯಾಸ್ಕೊ ಓಡಿಬಂದಳು. ಅವಳನ್ನು ಬೈದು ಕಳಿಸಿ ಮತ್ತೆ ಓದಿದೆ. ನಿಮ್ಮ ಕರ್ನಲ್‌ಗೆ "ಅದಕ್ಕೇ ಸರ್" ಎಂದೆಯಲ್ಲ, ಅಲ್ಲಿಗೆ ಬಂದಾಗ ಮುಂದಿನ ಅಕ್ಷರ ಕಾಣಲಿಲ್ಲ. ಪ್ಯಾಸ್ಕೊಳನ್ನು ಕರೆದು ಓದಿಸಿಕೊಂಡೆ. ಟ್ರೂರೋದ ಪಟ್ಟಿಯನ್ನು ಅವಳಿಗೇ ಕೊಟ್ಟಿದ್ದೇನೆ, ಕರಗಿಸಿ ಚಮಚ ಮಾಡಿಸಿಕೊಳ್ಳುತ್ತಾಳಂತೆ.

ನಿನ್ನೆ 'ಬಿಳಿ ಕುದುರೆ'ಗೆ ಹೋಗಿ ನಿನ್ನ ಪದಕವನ್ನು ಇದ್ದ ಹಾಗೆಯೇ ತಟ್ಟೆಯ ಪಕ್ಕದಲ್ಲಿಟ್ಟೆ. ಎಲ್ಲರ ಕಣ್ಣೂ ಅದರ ಮೇಲೆ. ಕಾರ್ಲಿಯನ್ ಬಾಗಿ ನೋಡಿ, "ಆಂಬ್ರೋಸ್, ನಿನ್ನ ಹುಡುಗನ ರಿಬ್ಬನ್ನಿಗೆ ಚಳಿ ಆಗ್ತಿರಬೇಕು, ಮೈಮೇಲೆ ಏನೂ ಇಲ್ಲ" ಅಂದ. ಮೇಜಿನ ತುಂಬ ನಗು. ರೂಪರ್ಟ್ ಮಾತ್ರ ನಗಲಿಲ್ಲ. ಜ್ವರ ಬಿಟ್ಟಿದ್ದರೂ ಅವನ ಮೈಯ ಹಳದಿ ಇನ್ನೂ ಹೋಗಿಲ್ಲ, ಕೋಲು ಹಿಡಿದು ನಡೆಯುತ್ತಾನೆ. ಅವನ ಸರದಿ ಬಂತು, "ಕುಮಾಸಿ" ಅಂದ. ಸೇನೆಯ ಜೊತೆ ಕುಮಾಸಿಗೆ ಹೋಗಿದ್ದ ನಮ್ಮೂರ ನಾವಿಕನೊಬ್ಬ ಸಾಕ್ಷಿ ಹೇಳಿದ. ಗುಟುಕಾಯಿತು.

ಆಮೇಲೆ ನಾನು ಎದ್ದೆ. "ಕ್ಯಾಪ್ಟನ್ ಜಾಸ್ಪರ್ ಪೆನ್‌ರೋಸ್" ಎಂದು, ಬೀದಿಗೂ ಕೇಳುವ ಹಾಗೆ "ಮಾನ್ಸು" ಅಂದೆ.

ಕಾರ್ಲಿಯನ್ ಅಂದ, "ಅದ್ಯಾವ ಯುದ್ಧವಯ್ಯ? ಎಲ್ಲೂ ಕೇಳಿಲ್ಲ."

"ಯುದ್ಧ ಅಲ್ಲ, ಊರು. ನದಿಯ ಈಚೆ ದಡದ್ದು. ಹೊರೆ ಹೊರೋ ಜನರಿಗೆ ಮಾತು ಕೊಟ್ಟು ನನ್ನ ಮಗ ಅಲ್ಲೇ ನಿಂತ. ಪಟ್ಟಿ ಬಿಟ್ಟು ನಿಂತ. ನೀವು ಕುಡಿಯೋ ಗೆಲುವಿಗೆ ಅನ್ನ ಹೋಗಿದ್ದು ಅವನ ಮುಂದಿಂದ."

ಯಾರೂ ಏಳಲಿಲ್ಲ. ಸಾಕ್ಷಿಯಿಲ್ಲದೆ ಕೂರುವ ಹಾಗಿಲ್ಲ, ನಿಂತೇ ಇದ್ದೆ. ಅಷ್ಟರಲ್ಲಿ ಕುರ್ಚಿ ಸರಿದ ಸದ್ದಾಯಿತು. ರೂಪರ್ಟ್ ಕೋಲೂರಿ ಏಳುತ್ತಿದ್ದ. ಕಾರ್ಲಿಯನ್ ಅವನ ಕೋಟು ಹಿಡಿದೆಳೆದ. "ಕೂತ್ಕೊಳ್ಳೋ, ನೀನು ಕುಮಾಸಿಯವನು."

"ಬಿಡಿ ಅಪ್ಪಾ. ಕುಮಾಸಿಯಿಂದ ಹೊರಟಿದ್ದು ನನಗೆ ನೆನಪಿಲ್ಲ. ಕಣ್ಣು ಬಿಟ್ಟಿದ್ದು ಮಾನ್ಸುವಿನಲ್ಲಿ. ಒಬ್ಬ ಹೆಂಗಸು ಬೈತಾ ಬೈತಾ ನನ್ನ ಬಾಯಿಗೆ ಗಂಜಿ ಹಾಕ್ತಿದ್ಲು, ಜಾಸ್ಪರ್ ನನ್ನ ತಲೆ ಹಿಡ್ಕೊಂಡಿದ್ದ. ಅಲ್ಲಿಂದ ಕಡಲಿನ ತನಕ ಅವಳ ಜನವೇ ನನ್ನ ಹೊತ್ರು. ಇಲ್ಲದಿದ್ರೆ ನೀವು ಕಿಟಕಿಯಲ್ಲಿ ತೂಗುಹಾಕೋಕೆ ಪದಕ ಒಂದೇ ಬರ್ತಿತ್ತು." ನನ್ನ ಕಡೆ ತಿರುಗಿ, "ಹೌದು, ಇದ್ದ" ಅಂದ.

ಕಾರ್ಲಿಯನ್ ಮಗನ ಕೋಟು ಬಿಟ್ಟ. ಆಮೇಲೆ ಬಾಟಲಿ ಎತ್ತಿ ನನ್ನ ಲೋಟವನ್ನು ತಾನೇ ತುಂಬಿದ. ಇಷ್ಟು ವರ್ಷದಲ್ಲಿ ಅವನ ಕೈಯಿಂದ ನನಗೆ ಒಂದು ತೊಟ್ಟು ಬಿದ್ದಿರಲಿಲ್ಲ. ಮೇಜೆಲ್ಲ ಎದ್ದು ನಿಂತು "ಮಾನ್ಸು" ಎಂದು ಕುಡಿಯಿತು. ನನ್ನ ಮೂರು ಪಟ್ಟಿಗಳಿಗೂ ಕೋಣೆ ಹಾಗೆ ಗುಡುಗಿರಲಿಲ್ಲ. ನಾನು ನಿನ್ನ ಅಪ್ಪ ಎಂದು ಬೀದಿಯಲ್ಲಿ ನಿಂತು ಕೂಗಬೇಕೆನ್ನಿಸಿತು, ಮಗನೇ. ಮನೆಗೆ ಬರುವಾಗ ಕೂಗಿದೆ ಎಂದು ಪ್ಯಾಸ್ಕೊ ಹೇಳುತ್ತಾಳೆ.

ಆ ಗುಟುಕಿನ ಸದ್ದು ಅಡಗಿದ ಮೇಲೆ ಅಡುಗೆಮನೆ ಬಾಗಿಲ ಬಳಿ ಯಾರೋ ಕೆಮ್ಮಿದರು. ನೋಡಿದರೆ ಹಿಕ್ಸ್. ತಟ್ಟೆ ಬಿಟ್ಟು ಎದ್ದಿದ್ದ, ಬರೀ ಪದಕವನ್ನು ಅಂಗೈಯಿಂದ ಮುಚ್ಚಿಕೊಂಡಿದ್ದ.

"ಸ್ಕುಟಾರಿ" ಅಂದ. ಮತ್ತೆ ಗಟ್ಟಿಯಾಗಿ ಅಂದ, "ಸ್ಕುಟಾರಿ. ಗಾಯದವರನ್ನ ದೋಣಿಯಿಂದ ದಿಬ್ಬದ ಮೇಲಿನ ಆಸ್ಪತ್ರೆಗೆ ಹೊರ್ತಿದ್ದೆ."

ಇಂಕರ್ಮನ್‌ನಲ್ಲಿ ತೊಡೆಗೆ ಗುಂಡು ಬಿದ್ದು, ಆ ದೋಣಿಯಲ್ಲಿ ಮಲಗಿ, ಆ ದಿಬ್ಬದ ಮೇಲಕ್ಕೆ ಹೋದವನು ಆ ಕೋಣೆಯಲ್ಲಿ ನಾನೊಬ್ಬನೇ. ಹೊತ್ತವರ ಮುಖವನ್ನು ಆವತ್ತು ನಾನು ನೋಡಿರಲಿಲ್ಲ. ನಿನ್ನೆ ನೋಡಿದೆ. ಲೋಟ ಎತ್ತಿಕೊಂಡು ಅವನ ಬಾಗಿಲ ತನಕ ನಡೆದುಹೋಗಿ, ಸೆಟೆದು ನಿಂತು, "ಹೌದು, ಇದ್ದ" ಅಂದೆ.

ನಿನ್ನ ಅಪ್ಪ